ಪುಷ್ಯ ಮಳೆಯ ನೆನಪು, ರೋಹಿಣಿ ಮಳೆಯ ಕೆಲಸ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಗೆಳೆಯರು ನಮ್ಮ ಎಲ್ಲ ಬ್ಯಾಚಿನಲ್ಲೂ ಇರ್ತಾರೆ. ಜುಲೈನಲ್ಲಿ ಅವರಿಗೆ ಮನೆಯಿಂದ ಫೋನ್ ಬಂದ್ರೆ ಮೊದಲ ಮಾತು ಅಡಿಕೆ ರೇಟಿನದ್ದಲ್ಲ, ಎಲ್ಲಿ ಧರೆ ಜರೀತು ಅನ್ನೋದರದ್ದು. ಈ ಸಲ ನಾವು ಎರಡು ಪ್ರಶ್ನೆ ನೋಡೋಣ. ಮಳೆಗೆ ಗುಡ್ಡ ಯಾಕೆ ಜಾರುತ್ತೆ? ದುರಂತದ ವಾರ್ಷಿಕ ನೆನಪನ್ನು ಯಾವಾಗ ಮಾಡಬೇಕು?

ಏನಾಗಿತ್ತು?

2021ರ ಜುಲೈ 22–23ರ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ತೋಟ, ಮನೆ, ರಸ್ತೆಗಳು ಹಾಳಾದವು. ಅದೇ ಮಳೆಗೆ ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿಯಿತು, ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ಮೂರು ವರ್ಷದ ನಂತರ, 2024ರ ಜುಲೈ 16ರಂದು, ಅದೇ ನದಿಯ ಕೆಳದಂಡೆಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ನೀರಿಗಿಳಿಯಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆ ಊರಿಗೆ ನುಗ್ಗಿತು. ನದಿಯೊಳಗೆ ಹೋಗಿದ್ದ ಲಾರಿಯೊಂದನ್ನು ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ ಕೊನೆಯಾಗಿತ್ತು.

ಊರಿನವರ ಲೆಕ್ಕದಲ್ಲಿ ಶಿರೂರಿನದ್ದು ಪುನರ್ವಸು ಮಳೆ, ಕಳಚೆಯದ್ದು ಪುಷ್ಯ ಮಳೆ. ಅಷ್ಟು ಹೊತ್ತಿಗೆ ಆರಿದ್ರಾ ಕುಡಿದ ನೆಲ ತುಂಬಿರುತ್ತೆ. ಮುಂದಿನ ಪಾಠಕ್ಕೆ ಇದೇ ಮುಖ್ಯ.

ಗುಡ್ಡದೊಳಗಿನ ಲೆಕ್ಕ

ನಮ್ಮ ಘಟ್ಟದ ಎಷ್ಟೋ ಕಡೆ ಮೇಲೆ ಗಟ್ಟಿ ಜಂಬಿಟ್ಟಿಗೆ, ಬುಡದಲ್ಲಿ ಬಂಡೆ, ನಡುವೆ ಮೆತ್ತನೆಯ ಶೇಡಿ ಮಣ್ಣು. ಒಣಗಿದಾಗ ಶೇಡಿ ಮಣ್ಣು ಗೋಡೆಯ ಹಾಗೆ ನಿಲ್ಲುತ್ತೆ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತೆ. ಸಿವಿಲ್‌ನವರಿಗೆ ಟೆರ್ಜಾಗಿ ಗೊತ್ತಿರ್ತಾನೆ. ಉಳಿದವರಿಗೆ ಅವನ ಮಾತು ಇಷ್ಟು:

ಜಾರದಂತೆ ಹಿಡಿಯುವ ಬಲ = ಮಣ್ಣಿನ ಅಂಟು + (ಭಾರ − ನೀರಿನ ಒತ್ತಡ) × ಘರ್ಷಣೆ

ಮಳೆ ಹೆಚ್ಚಿದಷ್ಟೂ ಆವರಣದೊಳಗಿನ ಸಂಖ್ಯೆ ಇಳಿಯುತ್ತೆ. ಒಂದು ಉದಾಹರಣೆ ಮಾಡೋಣ. ಇಳಿಜಾರು 20 ಡಿಗ್ರಿ, ಮಣ್ಣಿನ ಘರ್ಷಣಾ ಕೋನ 32 ಡಿಗ್ರಿ, ಲೆಕ್ಕ ಸುಲಭವಾಗಲಿ ಅಂತ ಅಂಟು ಸೊನ್ನೆ. ಒಣಗಿದ್ದಾಗ ಸುರಕ್ಷತಾ ಗುಣಾಂಕ 0.625 ÷ 0.364, ಅಂದರೆ ಸುಮಾರು 1.7. ನೀರು ಮೇಲ್ಮೈವರೆಗೆ ತುಂಬಿ ಇಳಿಜಾರಿನ ಜೊತೆಗೇ ಹರಿಯತೊಡಗಿದರೆ ಈ ಗುಣಾಂಕ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿದು 0.8 ಆಗುತ್ತೆ. ಒಂದಕ್ಕಿಂತ ಕಮ್ಮಿ ಅಂದ್ರೆ ಜಾರುತ್ತೆ. ಇಳಿಜಾರು ಬದಲಾಗಲಿಲ್ಲ, ಮಣ್ಣೂ ಅದೇ. ಬದಲಾಗಿದ್ದು ನೀರು ಮಾತ್ರ.

ನೀರೆಷ್ಟು ಅಂತ ಅಂದಾಜು ಬೇಕಾ? ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆಗೆ 100 ಮಿಲಿಮೀಟರ್ ಬಿದ್ದರೆ ನಾಲ್ಕು ಲಕ್ಷ ಲೀಟರ್. ಅದರಲ್ಲಿ ಹರಿದು ಹೋಗೋದೆಷ್ಟು, ಇಂಗೋದೆಷ್ಟು ಅನ್ನೋದರ ಮೇಲೆ ಗುಡ್ಡದ ಹಣೆಬರಹ ನಿಂತಿದೆ. ಇದರ ಮೇಲೆ ನಾವು ರಸ್ತೆಗೋ ಮನೆಗೋ ಅಂತ ಜೆಸಿಬಿ ತಂದು ಗುಡ್ಡದ ಬುಡ ಕಡಿದರೆ, ಆಧಾರಕ್ಕಿದ್ದ ಮಣ್ಣನ್ನೇ ತೆಗೆದ ಹಾಗಾಯಿತು.

ಬೇರೆಯವರು ಹೇಗೆ ನೆನೆಯುತ್ತಾರೆ?

ಜಪಾನಿನಲ್ಲಿ ಸೆಪ್ಟೆಂಬರ್ 1 ವಿಪತ್ತು ತಡೆ ದಿನ. 1923ರ ಕಾಂತೋ ಭೂಕಂಪ ಆದದ್ದು ಅದೇ ತಾರೀಖಿಗೆ. 1959ರ ಸೆಪ್ಟೆಂಬರ್‌ನಲ್ಲಿ ಇಸೆ ಕೊಲ್ಲಿಯ ಚಂಡಮಾರುತಕ್ಕೆ ಸತ್ತವರು, ಕಾಣೆಯಾದವರು ಸೇರಿ 5,000 ದಾಟಿದ ಮೇಲೆ, 1960ರಲ್ಲಿ ಈ ದಿನವನ್ನು ಗೊತ್ತುಮಾಡಿದರು. ಅಲ್ಲಿನ ರೈತರಿಗೂ ನಮ್ಮ ಮಳೆ ನಕ್ಷತ್ರದಂಥ ಹಳೆಯ ಲೆಕ್ಕವೊಂದಿದೆ: ವಸಂತದ ಮೊದಲ ದಿನದಿಂದ 210ನೆಯ ದಿನ ಬಿರುಗಾಳಿಯ ಭಯದ ದಿನ. ಅದು ಬೀಳೋದೂ ಸೆಪ್ಟೆಂಬರ್ 1ರ ಆಸುಪಾಸಿನಲ್ಲೇ. ಆ ದಿನ ಅವರು ಹಾರ ಹಾಕಿ ಸುಮ್ಮನಾಗೋದಿಲ್ಲ. ಶಾಲೆ, ಕಚೇರಿ, ಬೀದಿಗಳಲ್ಲಿ ಜನ ಹೊರಗೆ ಬಂದು ಪಾರಾಗುವ ಅಭ್ಯಾಸ ಮಾಡ್ತಾರೆ.

ನೆದರ್ಲೆಂಡ್ಸ್‌ನಲ್ಲಿ 1953ರ ಜನವರಿ 31ರ ರಾತ್ರಿ ಬಂದ ಬಿರುಗಾಳಿ-ಪ್ರವಾಹಕ್ಕೆ 1,836 ಜನ ಬಲಿಯಾದರು. ಆಮೇಲೆ ಅವರು ಕಟ್ಟಿದ ತಡೆಗಳಲ್ಲಿ ರಾಟರ್‌ಡ್ಯಾಮ್ ಹತ್ತಿರದ ಮಾಸ್ಲಾಂಟ್ ತಡೆಗೇಟು 1997ರಲ್ಲಿ ಸಿದ್ಧವಾಯಿತು. ಅದನ್ನು ಪ್ರತಿವರ್ಷ ಸೆಪ್ಟೆಂಬರ್‌ನಲ್ಲಿ, ಬಿರುಗಾಳಿಯ ಕಾಲ ಶುರುವಾಗೋ ಮುಂಚೆ, ಒಮ್ಮೆ ಮುಚ್ಚಿ ಪರೀಕ್ಷೆ ಮಾಡ್ತಾರೆ.

ಎರಡೂ ಕಡೆ ಇರುವ ಸಾಮಾನ್ಯ ಸಂಗತಿ ಗಮನಿಸಿ. ಪರೀಕ್ಷೆ ನಡೆಯೋದು ಅಪಾಯ ಬರುವ ಮುಂಚೆ. ನಮ್ಮ ಕಳಚೆಯ ದಿನ ಬೀಳೋದು ಪುಷ್ಯ ಮಳೆಯ ನಡುವೆ. ಆಗ ಗುಡ್ಡ ಹತ್ತಿ ನೋಡೋದೇ ಅಪಾಯ. ಆದ್ದರಿಂದ ದುಃಖಕ್ಕೆ ಜುಲೈ ಇರಲಿ. ಕೆಲಸಕ್ಕೆ ಮೇ 25ರ ಸುಮಾರಿಗೆ ಹಿಡಿಯುವ ರೋಹಿಣಿ ಮಳೆ ಸರಿ ಅನ್ನೋದು ನಮ್ಮ ವಾದ.

ರೋಹಿಣಿಯಲ್ಲಿ ಮಾಡಬೇಕಾದ್ದು

1. ಬಿರುಕು: ಮನೆಯ ಮೇಲಿನ ಗುಡ್ಡದಲ್ಲಿ ಬಿರುಕಿದ್ದರೆ ಎರಡೂ ಬದಿಗೆ ಗೂಟ ಹೊಡೆದು ಟೇಪಿನಲ್ಲಿ ದೂರ ಅಳೆದು ತಾರೀಖಿನ ಸಮೇತ ಬರೆದಿಡಿ. ಹಳೆಯ ಅಳತೆಯ ಜೊತೆ ಹೋಲಿಸಿ. ಮಳೆ ಬಲವಾಗುವ ಮುಂಚೆ ಬಿರುಕಿಗೆ ಜೇಡಿಮಣ್ಣು ತುಂಬಿ ಒತ್ತಿ.

2. ನೀರಿನ ದಾರಿ: ಬಸಿಗಾಲುವೆಯ ಹೂಳು ತೆಗೆಯಿರಿ. ಇಂಗುಗುಂಡಿ ಒಳ್ಳೆಯದೇ, ಆದರೆ ಕಡಿದಾದ ಗುಡ್ಡದ ನೆತ್ತಿಯಲ್ಲಿ, ಬಿರುಕಿನ ಹತ್ತಿರ ಬೇಡವೇ ಬೇಡ. ಅಲ್ಲಿ ನೀರು ಇಂಗಿಸೋದು ಅಂದ್ರೆ ಮೇಲಿನ ಸೂತ್ರದ ನೀರಿನ ಒತ್ತಡವನ್ನು ನಾವೇ ಏರಿಸಿದ ಹಾಗೆ.

3. ಮಳೆ ಬರೆಯೋದು: ಎಷ್ಟೋ ಹಳೆಯ ಮನೆಗಳಲ್ಲಿ ಮಳೆಮಾಪಕ ಇದೆ. ಒಂದು ದಿನದ ಲೆಕ್ಕ ಸಾಲದು. ಮೂರು ದಿನದ ಮೊತ್ತವನ್ನೂ ಪಕ್ಕದಲ್ಲಿ ಬರೆಯಿರಿ.

4. ದಾರಿ: ರಾತ್ರಿ ಕರೆಂಟಿಲ್ಲದಾಗ ಯಾರ ಮನೆಗೆ, ಯಾವ ದಾರಿಯಲ್ಲಿ ಹೋಗೋದು? ಹಗಲಲ್ಲೇ ಒಮ್ಮೆ ಅಜ್ಜ, ಅಜ್ಜಿಯನ್ನೂ ಕರೆದುಕೊಂಡು ನಡೆದು ನೋಡಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಸಂಖ್ಯೆ 112 ಗೋಡೆಯ ಮೇಲಿರಲಿ.

ಮಳೆಗಾಲದಲ್ಲಿ ತಿಳಿನೀರಿನ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಾದರೆ ಅಥವಾ ನಿಂತರೆ, ಮರಗಳು ವಾಲಿದರೆ, ಬಾಗಿಲು ಬಿಗಿಯಾದರೆ ಕಾರಣ ಹುಡುಕುತ್ತ ಕೂರಬೇಡಿ. ಮೊದಲು ಮನೆ ಬಿಡಿ.

ಪ್ರಾಜೆಕ್ಟಿಗೆ ಸೆನ್ಸರ್ ಹಾಕ್ತೀವಿ ಅನ್ನೋ ಇ ಅಂಡ್ ಸಿ ಗೆಳೆಯರಿಗೂ ಒಂದು ಮಾತು. ಗುಡ್ಡ ಜರಿಯೋ ದಿನ ಆ ಊರಿನಲ್ಲಿ ಕರೆಂಟೂ ಇರಲ್ಲ, ಟವರೂ ಇರಲ್ಲ. ನಿಮ್ಮ ಸಾಧನ ಕ್ಲೌಡಿಗೆ ಸಂದೇಶ ಕಳಿಸೋದಕ್ಕಿಂತ ಅಂಗಳದಲ್ಲೇ ಜೋರಾಗಿ ಕೂಗಿಕೊಂಡರೆ ಹೆಚ್ಚು ಉಪಯೋಗ.

ಕೊನೆಗೊಂದು ಪ್ರಶ್ನೆ

"ಅಷ್ಟು ಭಯ ಇದ್ರೆ ಬೇರೆ ಕಡೆ ಹೋಗಬಾರದಾ?" ಅಂತ ಬಯಲುಸೀಮೆಯ ಗೆಳೆಯರು ಕೇಳ್ತಾರೆ. ಅಡಿಕೆ ತೋಟ ಕಣಿವೆಯಲ್ಲಿರೋದು ಅಲ್ಲಿ ನೀರು, ನೆರಳು ಇದೆ ಅಂತ. ತೋಟದ ಪಕ್ಕದಲ್ಲೇ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಹೊಸ ಜಾಗದಲ್ಲಿ ಸಸಿ ನೆಟ್ಟರೆ ಫಲಕ್ಕೆ ಐದಾರು ವರ್ಷ ಕಾಯಬೇಕು, ಅಲ್ಲಿವರೆಗೆ ಉಣ್ಣೋದೇನು? ಸ್ಥಳಾಂತರ ಅಂದ್ರೆ ಬರೀ ಸೈಟು, ಮನೆಯಲ್ಲ, ಬದುಕಿನ ದಾರಿಯೂ ಜೊತೆಗೆ ಬರಬೇಕು. ಅದು ಸಿಗುವವರೆಗೆ ಆ ಗುಡ್ಡಗಳ ಕೆಳಗೆ ಜನ ಮಲಗೋದು ತಪ್ಪಲ್ಲ. ಅವರು ಮಲಗುವ ಮುಂಚೆ ಗುಡ್ಡವನ್ನು ಒಮ್ಮೆ ಅಳೆದು ನೋಡುವವರು ಬೇಕು. ಟೇಪು ಹಿಡಿಯೋದಕ್ಕೆ ಡಿಗ್ರಿ ಮುಗಿಯೋವರೆಗೆ ಕಾಯಬೇಕಿಲ್ಲ. ಬರುವ ರೋಹಿಣಿಗೆ ಊರಲ್ಲಿದ್ದವರು ಅಳತೆ ತನ್ನಿ, ನಮ್ಮ ಪತ್ರಿಕೆಯಲ್ಲೇ ಒಟ್ಟಿಗೆ ಹಾಕೋಣ.