ಇಲ್ಲದುದರಿಂದ ಬರುವ ರೋಗ

ರೋಗವೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಹೊರಗಿನಿಂದ ದೇಹದೊಳಕ್ಕೆ ನುಗ್ಗಿದ ಯಾವನೋ ಒಬ್ಬ ಶತ್ರು. ಮಲೇರಿಯಾ ಸೊಳ್ಳೆಯ ಮೂಲಕ ಬರುತ್ತದೆ. ಕಾಲರಾ ಕಲುಷಿತವಾದ ನೀರಿನ ಮೂಲಕ ಬರುತ್ತದೆ. ಇಂತಹವುಗಳಲ್ಲಿ ಇರಬಾರದ ವಸ್ತುವೊಂದು ದೇಹದಲ್ಲಿ ಇರುವುದೇ ಕೇಡಿಗೆ ಕಾರಣ. ಆದರೆ ಇರಬೇಕಾದ ವಸ್ತುವೊಂದು ಇಲ್ಲದೆ ಹೋದರೂ ರೋಗ ಬರಬಹುದೆಂಬ ಮಾತನ್ನು ವೈದ್ಯಶಾಸ್ತ್ರವು ಒಪ್ಪಿಕೊಂಡುದು ಬಹಳ ತಡವಾಗಿ. ಇರುವುದನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಬಹುದು, ಇಲ್ಲದುದನ್ನು ಹುಡುಕುವುದೆಂತು? ಅಂತಹ ಎರಡು ರೋಗಗಳನ್ನು, ಬೆರಿಬೆರಿಯನ್ನೂ ಗಳಗಂಡವನ್ನೂ, ಈಗ ವಿಚಾರಮಾಡೋಣ.

ಜಾವಾದ ಕೋಳಿಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಬೆರಿಬೆರಿ ಎಂಬ ರೋಗವು ಸೈನಿಕರನ್ನೂ ಸೆರೆಯಾಳುಗಳನ್ನೂ ಗುಂಪುಗುಂಪಾಗಿ ಬಲಿ ತೆಗೆದುಕೊಳ್ಳುತ್ತಿತ್ತು. ಕಾಲುಗಳು ಸೋತು, ನರಗಳು ಕುಂದಿ, ಕೊನೆಗೆ ಹೃದಯವು ನಿಲ್ಲುತ್ತಿತ್ತು. ಇದರ ಕ್ರಿಮಿಯನ್ನು ಹುಡುಕಲು ಹೊರಟವರಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಒಬ್ಬನು. ಕ್ರಿಮಿ ಸಿಕ್ಕಲಿಲ್ಲ, ಆದರೆ ಪ್ರಯೋಗಾಲಯದ ಕೋಳಿಗಳು ಒಂದು ದಿನ ತೂರಾಡತೊಡಗಿದುವು. ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನವನ್ನು ಅವುಗಳಿಗೆ ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು, ಸೈನ್ಯದ ಅನ್ನವನ್ನು ಕೋಳಿಗಳಿಗೆ ಕೊಡಲಾರೆನೆಂದುದರಿಂದ, ಅವುಗಳಿಗೆ ತೌಡು ಹೋಗದ ಅಕ್ಕಿ ಮೇವಾಯಿತು. ಕೋಳಿಗಳು ಚೇತರಿಸಿಕೊಂಡುವು.

ಅನ್ನದಲ್ಲಿ ವಿಷವಿರಬೇಕು, ತೌಡಿನಲ್ಲಿ ಅದರ ಪ್ರತಿವಿಷವಿರಬೇಕು ಎಂದು ಐಕ್‌ಮನ್ ಮೊದಲು ಊಹಿಸಿದನು. ಅವನ ಉತ್ತರಾಧಿಕಾರಿಯಾದ ಗೆರಿಟ್ ಗ್ರಿನ್ಸ್ 1901ರಲ್ಲಿ, ವಿಷವೇ ಇಲ್ಲ, ತೌಡಿನೊಡನೆ ಹೊರಟುಹೋದ ಯಾವುದೋ ಅವಶ್ಯಕ ವಸ್ತುವಿನ ಕೊರತೆಯೇ ರೋಗವೆಂದು ತಿಳಿಸಿದನು. ಇಂತಹ ವಸ್ತುಗಳಿಗೆ 1912ರಲ್ಲಿ ಕಾಸಿಮಿರ್ ಫಂಕ್ ‘ವಿಟಮಿನ್’ ಎಂಬ ಹೆಸರನ್ನಿಟ್ಟನು; ಕನ್ನಡದಲ್ಲಿ ನಾವು ಅವನ್ನು ಜೀವಸತ್ತ್ವಗಳೆನ್ನುತ್ತೇವೆ. ತೌಡಿನಲ್ಲಿದ್ದುದು ಬಿ-1 ಜೀವಸತ್ತ್ವ, ಎಂದರೆ ಥಯಾಮಿನ್. ದಿನಕ್ಕೆ ನಮಗೆ ಅದು ಬೇಕಾದುದು ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು ಮಾತ್ರ. ನಮ್ಮ ಕರಾವಳಿಯ ಕುಚ್ಚಲಕ್ಕಿಯ ಗುಣವೂ ಇದರಿಂದ ತಿಳಿಯುತ್ತದೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಥಯಾಮಿನ್ ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ.

ಶತ್ರುವನ್ನು ನೀರಿನಲ್ಲಿ ಹುಡುಕಿದುದು

ಈಗ ಗಳಗಂಡಕ್ಕೆ ಬರೋಣ. ಕುತ್ತಿಗೆಯ ಮುಂಭಾಗದಲ್ಲಿ ಗಂಟು ಊದಿಕೊಳ್ಳುವ ಈ ರೋಗವು ಆಲ್ಪ್ಸ್, ಹಿಮಾಲಯ ಮೊದಲಾದ ಪರ್ವತಪ್ರಾಂತಗಳಲ್ಲಿ ಪುರಾತನ ಕಾಲದಿಂದಲೂ ಇದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿಲ್ಗಿಟ್ ಕಣಿವೆಯಲ್ಲಿದ್ದ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್, ಒಂದೇ ಕಾಲುವೆಯ ನೀರನ್ನು ಕುಡಿಯುವ ಹಳ್ಳಿಗಳಲ್ಲಿ ಕೆಳಕೆಳಗೆ ಹೋದಂತೆ ಗಳಗಂಡ ಹೆಚ್ಚುವುದನ್ನು ಕಂಡನು. ನೀರಿನ ಮಲಿನತೆಯೇ ಕಾರಣವೆಂದು ತಿಳಿದು, ಆ ನೀರಿನ ಗಸಿಯನ್ನು ತಾನೇ ಕುಡಿದು ಪರೀಕ್ಷಿಸಿದನು. ಮುಂದೆ ದಕ್ಷಿಣದ ಕೂನೂರಿನಲ್ಲಿ ಆಹಾರವಿಜ್ಞಾನದ ದೊಡ್ಡ ಸಂಶೋಧನಾಲಯಕ್ಕೆ ಅಸ್ತಿಭಾರ ಹಾಕಿದವನೂ ಇವನೇ. ಇಂತಹ ಧೀಮಂತನ ದೃಷ್ಟಿಯೂ ಮೊದಲು ಹರಿದುದು ನೀರಿನಲ್ಲಿ ಏನು ಇದೆ ಎಂಬ ಕಡೆಗೆ. ಮಲಿನತೆಯೂ ಕೆಲವೊಮ್ಮೆ ರೋಗವನ್ನು ಹೆಚ್ಚಿಸಬಹುದು. ಆದರೆ ಮುಖ್ಯ ಕಾರಣವು ಆ ಮಣ್ಣಿನಲ್ಲಿ, ನೀರಿನಲ್ಲಿ, ಬೆಳೆಯಲ್ಲಿ ಇಲ್ಲದಿದ್ದ ಅಯೊಡೀನ್.

ಅಯೊಡೀನನ್ನು 1811ರಲ್ಲಿ ಕಡಲಕಳೆಯ ಬೂದಿಯಿಂದ ಬೇರ್ಪಡಿಸಿದವನು ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ. ಮಳೆಯೂ ಹಿಮನದಿಗಳೂ ಬೆಟ್ಟದ ಮಣ್ಣನ್ನು ಸಾವಿರಾರು ವರ್ಷ ತೊಳೆದು, ಅದರಲ್ಲಿದ್ದ ಅಯೊಡೀನನ್ನು ಸಮುದ್ರಕ್ಕೆ ಒಯ್ದಿವೆ. ಆದುದರಿಂದಲೇ ಪರ್ವತಗಳಲ್ಲಿ ಈ ಕೊರತೆ ಹೆಚ್ಚು. ಪ್ರವಾಹಗಳು ಪದೇ ಪದೇ ತೊಳೆದ ನದೀತೀರದ ಬಯಲುಗಳಲ್ಲಿಯೂ, ಬಿರುಮಳೆಯ ನಮ್ಮ ಮಲೆನಾಡಿನ ಕೆಲವು ಜಿಲ್ಲೆಗಳಲ್ಲಿಯೂ ಗಳಗಂಡ ಕಂಡುಬಂದಿದೆ.

ಗ್ರಂಥಿಯ ಕೆಲಸ

ಗಂಟಲಿನ ಮುಂದೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ, ಸುಮಾರು 20 ಗ್ರಾಂ ತೂಕದ ಥೈರಾಯಿಡ್ ಗ್ರಂಥಿಯಿದೆ. ಇದು ನಿರ್ನಾಳ ಗ್ರಂಥಿ. ತನ್ನ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಇವುಗಳಲ್ಲಿ ಮುಖ್ಯವಾದ ಥೈರಾಕ್ಸಿನ್ನನ್ನು 1914ರ ಡಿಸೆಂಬರ್ 25ರಂದು ಎಡ್ವರ್ಡ್ ಕೆಂಡಾಲ್ ಹರಳುಗಳ ರೂಪದಲ್ಲಿ ಪಡೆದನು. ಅದರ ಪ್ರತಿಯೊಂದು ಅಣುವಿನಲ್ಲಿಯೂ ಅಯೊಡೀನಿನ ನಾಲ್ಕು ಪರಮಾಣುಗಳಿವೆ. ದೇಹದ ಜೀವಕೋಶಗಳು ಎಷ್ಟು ವೇಗದಿಂದ ಆಹಾರವನ್ನು ದಹಿಸಬೇಕೆಂಬುದನ್ನು ಗೊತ್ತುಮಾಡುವುದು ಈ ಹಾರ್ಮೋನುಗಳ ಕೆಲಸ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯಿಡಿನ ಮೇಲ್ವಿಚಾರಕ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದರೆ ಅದು ಟಿ.ಎಸ್.ಎಚ್. ಎಂಬ ಚೋದಕವನ್ನು ಕಳುಹಿಸಿ ಥೈರಾಯಿಡನ್ನು ಎಚ್ಚರಿಸುತ್ತದೆ, ಸಾಕಾದೊಡನೆ ಸುಮ್ಮನಾಗುತ್ತದೆ. ಆದರೆ ಅಯೊಡೀನೇ ಇಲ್ಲದಿದ್ದರೆ? ಅಪ್ಪಣೆಯ ಮೇಲೆ ಅಪ್ಪಣೆ ಬರುತ್ತದೆ. ಗ್ರಂಥಿಯು ಸಿಕ್ಕ ಕಣವನ್ನೆಲ್ಲ ಹಿಡಿಯಲು ತನ್ನ ಕೋಶಗಳನ್ನು ಬೆಳೆಸಿಕೊಳ್ಳುತ್ತದೆ. ನೂಲು ಸಾಲದ ನೇಕಾರನು ಮಗ್ಗಗಳನ್ನು ಹೆಚ್ಚಿಸಿಕೊಂಡಂತೆ ಇದು. ಹೀಗೆ ಉಬ್ಬಿದ ಗ್ರಂಥಿಯೇ ಗಳಗಂಡ. ಆ ಗಂಟು ಬಡತನವನ್ನು ನೀಗಿಸಲು ದೇಹವು ಪಡುತ್ತಿರುವ ಕಷ್ಟದ ಗುರುತು.

ಗಂಟು ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಕೇಡು ಕಾಣುವುದಿಲ್ಲ. ಗರ್ಭದಲ್ಲಿರುವ ಶಿಶುವಿನ ಮಿದುಳು ಬೆಳೆಯಬೇಕಾದರೆ ಥೈರಾಯಿಡ್ ಹಾರ್ಮೋನು ಬೇಕೇ ಬೇಕು. ಮೊದಲ ತಿಂಗಳುಗಳಲ್ಲಿ ಶಿಶುವು ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ತಾಯಿಗೆ ಅಯೊಡೀನಿನ ತೀವ್ರ ಕೊರತೆಯಿದ್ದರೆ ಮಗುವು ಕುಳ್ಳಾಗಿ, ಕಿವುಡು-ಮೂಕಾಗಿ, ಬುದ್ಧಿ ಬೆಳೆಯದೆ ಉಳಿಯಬಹುದು. ಇದನ್ನು ಕ್ರೆಟಿನಿಸಮ್ ಎನ್ನುತ್ತಾರೆ. ಕೊರತೆ ಅಷ್ಟು ತೀವ್ರವಲ್ಲದಿದ್ದರೂ ಗ್ರಹಣಶಕ್ತಿ ಕುಂದಬಹುದು. ಈ ಹಾನಿಯನ್ನು ಮುಂದೆ ಯಾವ ಔಷಧದಿಂದಲೂ ಪೂರ್ತಿಯಾಗಿ ಸರಿಪಡಿಸಲಾಗದು. ತಡೆಯುವುದು ಮಾತ್ರ ಸುಲಭ.

ಎಷ್ಟು ಸುಲಭವೆಂಬುದನ್ನು ಲೆಕ್ಕಹಾಕಿ ನೋಡೋಣ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೊಡೀನ್ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. 150ನ್ನು 365ರಿಂದಲೂ ಮತ್ತೆ 70ರಿಂದಲೂ ಗುಣಿಸಿದರೆ, ಎಪ್ಪತ್ತು ವರ್ಷಗಳಿಗೆ ಬೇಕಾದುದು 4 ಗ್ರಾಮಿಗಿಂತಲೂ ಕಡಿಮೆ. ಒಂದು ಟೀ ಚಮಚೆ ಕೂಡ ತುಂಬದು! ಆದರೆ ಅದನ್ನು ಒಮ್ಮೆಗೇ ನುಂಗಿ ಕೂಡಿಟ್ಟುಕೊಳ್ಳುವಂತಿಲ್ಲ. ದಿನದಿನವೂ ಇಷ್ಟಿಷ್ಟೇ ಬೇಕು. ಇದೇ ಸಮಸ್ಯೆಯ ತಿರುಳು.

ಉಪ್ಪಿನ ಪರೀಕ್ಷೆ

ಅಮೆರಿಕದ ಓಹಾಯೊ ಸಂಸ್ಥಾನದ ಆಕ್ರನ್ ನಗರದಲ್ಲಿ ಡೇವಿಡ್ ಮರೀನ್ ಮತ್ತು ಕಿಂಬಾಲ್ ಎಂಬವರು 1917ರಿಂದ ಶಾಲಾ ಬಾಲಕಿಯರ ಮೇಲೆ ಪರೀಕ್ಷೆ ನಡೆಸಿದರು. ಅಯೊಡೈಡ್ ಸೇವಿಸಿದ 2,190 ಬಾಲಕಿಯರಲ್ಲಿ ಗ್ರಂಥಿ ಊದಿಕೊಂಡುದು 5 ಮಂದಿಗೆ. ಸೇವಿಸದ 2,305 ಬಾಲಕಿಯರಲ್ಲಿ 495 ಮಂದಿಗೆ. ಎಲ್ಲರೂ ದಿನವೂ ತಿನ್ನುವ, ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವ ಪದಾರ್ಥ ಉಪ್ಪು. ಆದುದರಿಂದ ಸ್ವಿಟ್ಸರ್ಲೆಂಡಿನಲ್ಲಿ 1922ರಲ್ಲಿಯೂ, ಅಮೆರಿಕದ ಮಿಷಿಗನ್ನಿನಲ್ಲಿ 1924ರಲ್ಲಿಯೂ ಉಪ್ಪಿಗೇ ಅಯೊಡೀನ್ ಬೆರಸತೊಡಗಿದರು.

ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಕ್ಷೇತ್ರವಾದುದು ಈಗ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೊಡೀನ್ ಬೆರಸಿದ ಉಪ್ಪು, ಒಂದಕ್ಕೆ ಸಾಮಾನ್ಯ ಉಪ್ಪು. ಆರು ವರ್ಷಗಳಾದ ಮೇಲೆ ನೋಡಿದರೆ, ಮೊದಲಿನ ಎರಡರಲ್ಲಿ ಗಳಗಂಡ ಬಹಳವಾಗಿ ಇಳಿದಿತ್ತು; ಮೂರನೆಯದರಲ್ಲಿ ಹಾಗೆಯೇ ಇತ್ತು. ಆಮೇಲೆ ಅಲ್ಲಿಗೂ ಅದೇ ಉಪ್ಪನ್ನು ಕೊಟ್ಟರು; ಅಲ್ಲಿಯೂ ರೋಗ ಇಳಿಯಿತು. ಗಳಗಂಡ ನಿಯಂತ್ರಣದ ರಾಷ್ಟ್ರೀಯ ಯೋಜನೆಯು 1962ರಲ್ಲಿ ಆರಂಭವಾಯಿತು.

ಇಂದು ಉಪ್ಪಿಗೆ ಪೊಟ್ಯಾಸಿಯಮ್ ಅಯೊಡೇಟ್ ಬೆರಸುತ್ತಾರೆ. ಮನೆಗೆ ಬಂದ ಉಪ್ಪಿನಲ್ಲಿ ಗ್ರಾಮಿಗೆ 15 ಮೈಕ್ರೋಗ್ರಾಂ ಅಯೊಡೀನಾದರೂ ಉಳಿದಿರಬೇಕು. ಸಮುದ್ರದ ಉಪ್ಪಿನಲ್ಲಿ ಅಯೊಡೀನ್ ತಾನಾಗಿಯೇ ಬೇಕಾದಷ್ಟಿರುತ್ತದೆಂಬ ನಂಬಿಕೆ ಸರಿಯಲ್ಲ. ಉಪ್ಪು ಹರಳುಗಟ್ಟುವಾಗ ಅದರಲ್ಲಿ ಉಳಿಯುವುದು ಅತ್ಯಲ್ಪ. ಹಾಗೆಂದು ಹೆಚ್ಚು ಉಪ್ಪನ್ನು ತಿನ್ನಬೇಕಾಗಿಲ್ಲ. ತಿನ್ನುವ ಅಲ್ಪ ಉಪ್ಪು ಅಯೊಡೀನ್ ಉಳ್ಳದ್ದಾಗಿರಬೇಕು, ಮುಚ್ಚಿದ ಭರಣಿಯಲ್ಲಿರಬೇಕು.

ಎಲ್ಲವೂ ಕೊರತೆಯಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಥೈರಾಯಿಡಿನ ಎಲ್ಲ ವ್ಯಾಧಿಗಳೂ ಅಯೊಡೀನಿನ ಕೊರತೆಯಿಂದ ಬರುವುದಿಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದುಂಟು. ಆಗ ಹಾರ್ಮೋನು ಕಡಿಮೆಯಾದರೆ ಆಯಾಸ, ಚಳಿ ತಾಳದಿರುವುದು, ಮಲಬದ್ಧತೆ, ಮೈ ಬಾವು ಕಾಣಿಸಿಕೊಳ್ಳುತ್ತವೆ. ಹೆಚ್ಚಾದರೆ ಎದೆಬಡಿತ, ಕೈನಡುಕ, ತೂಕದ ಇಳಿತ. ಇವು ಉಪ್ಪಿನಿಂದ ವಾಸಿಯಾಗವು. ಅಯೊಡೀನ್ ಮಿತಿಮೀರಿದರೆ ಕೆಡಬಲ್ಲವು. ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ನಡೆಯಬೇಕು. ಹಾರ್ಮೋನು ಕಡಿಮೆಯಾದವರಿಗೆ ಅದನ್ನೇ ಗುಳಿಗೆಯಾಗಿ ಕೊಡಬಹುದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯಿಡಿನ ಸಾರದಿಂದ ಚಿಕಿತ್ಸೆಮಾಡಿದ ಹೆಂಗಸು ಅನಂತರ 28 ವರ್ಷ ಬದುಕಿದಳು.

ಮಣ್ಣಿನಲ್ಲಿ ಅಯೊಡೀನ್ ಇಲ್ಲವೆಂಬುದು ಒಂದು ತಲೆಮಾರಿನಲ್ಲಿ ಮುಗಿಯುವ ಮಾತಲ್ಲ. ಸಿಡುಬನ್ನು ಅಟ್ಟಿದಂತೆ ಕೊರತೆಯನ್ನು ಅಟ್ಟಲಾಗದು; ಉಪ್ಪು ನಿಂತರೆ ರೋಗ ಮರಳುತ್ತದೆ. ಅಯೊಡೀನಿಲ್ಲದ ಉಪ್ಪನ್ನು ಊಟಕ್ಕೆಂದು ಮಾರಬಾರದೆಂಬ ಕೇಂದ್ರದ ನಿರ್ಬಂಧವನ್ನು 2000ದಲ್ಲಿ ತೆಗೆದುಹಾಕಿ, 2006ರಲ್ಲಿ ಮತ್ತೆ ಜಾರಿಗೆ ತರಬೇಕಾಯಿತು. ಗಂಟು ಕಾಣದಿದ್ದಾಗ ಅದನ್ನು ತಡೆದ ವಸ್ತುವನ್ನು ಮರೆಯುವುದು ಮನುಷ್ಯಸ್ವಭಾವ. ಇಲ್ಲದುದರಿಂದ ಬರುವ ರೋಗವನ್ನು ತಡೆಯಬೇಕಾದರೆ, ಕಣ್ಣಿಗೆ ಕಾಣದ ಆ ಅಯೊಡೀನು ದಿನದಿನವೂ ನಮ್ಮ ಊಟದಲ್ಲಿ ಇರಲೇಬೇಕು.