ಪುಟ್ಟ ವಿಮಾನದ ಗಾಜು

ಬಾರಾಮತಿಯಲ್ಲಿ ಓದುವವರಿಗೆ ತರಬೇತಿ ವಿಮಾನ ಅಪರೂಪದ ವಸ್ತುವಲ್ಲ. ಎಂ.ಐ.ಡಿ.ಸಿ. ಕಡೆಯ ನಿಲ್ದಾಣದಿಂದ ಪುಟ್ಟ ವಿಮಾನಗಳು ಏರಿ, ಸುತ್ತು ಹೊಡೆದು, ಇಳಿದು, ಮತ್ತೆ ಏರುವುದನ್ನು ಕಂಡು ಕಂಡು, ಕಬ್ಬಿಗೆ ನೀರು ಬಿಡುವವರು ಈಗ ತಲೆ ಎತ್ತುವುದೂ ಕಡಿಮೆ. ಈ ಪಾಠ ಅಂಥದೊಂದು ವಿಮಾನವನ್ನು ಮೇಜಿನ ಮೇಲೆ ಕಟ್ಟುವುದರ ಬಗ್ಗೆ. ಅದರಲ್ಲೂ ಅದರ ಗಾಜಿನ ಬಗ್ಗೆ. ಸಾಹಿತ್ಯ ಸಂಘದ ಪತ್ರಿಕೆಗೆ ಇದೆಂಥ ವಿಷಯ ಅಂತ ಹುಬ್ಬೇರಿಸುವವರು ಮೊದಲು ಒಂದು ಗಾಜು ಕೂಡಿಸಿ ನೋಡಲಿ!

ಸೆಸ್ನಾ 172 ಅನ್ನೇ ತೆಗೆದುಕೊಳ್ಳೋಣ. 1955ರಲ್ಲಿ ಮೊದಲು ಹಾರಿದ ಈ ಮಾದರಿಯ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ನಿಜವಾದದ್ದರ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 11 ಮೀಟರ್. 1/72ರ ಅಳತೆಯಲ್ಲಿ ಅದು 15 ಸೆಂಟಿಮೀಟರ್ ಆಗುತ್ತೆ, ಅಂದರೆ ನಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಷ್ಟು. ರೆಕ್ಕೆ ಮೇಲಿದೆ, ಅದರ ಕೆಳಗೆ ಕೂರುವ ಜಾಗದ ಸುತ್ತ ಗಾಜೋ ಗಾಜು: ಮುಂದೆ ಬಾಗಿದ ದೊಡ್ಡದು, ಪಕ್ಕಗಳಲ್ಲಿ ಕಿಟಕಿಗಳು, 1963ರ ಮಾದರಿಯಿಂದೀಚೆಗೆ ಹಿಂದೆಯೂ ಒಂದು. ಬೇರೆ ಭಾಗದಲ್ಲಿ ಸಂದು ಬಿಟ್ಟರೆ ಪುಟ್ಟಿ ಇದೆ, ಉಬ್ಬಿದರೆ ಮರಳು ಕಾಗದ ಇದೆ, ಎಲ್ಲದರ ಮೇಲೆ ಬಣ್ಣ ಇದೆ. ಗಾಜಿಗೆ ಇದಾವುದರ ಆಸರೆಯೂ ಇಲ್ಲ. ಮಾಡಿದ್ದೆಲ್ಲ ಕಂಡೇ ಕಾಣುತ್ತೆ.

ಗಾಜು ಅನ್ನುವುದು ಬಾಯಿಮಾತು. ವಸ್ತು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಬಣ್ಣದ ಭಾಗಗಳಿಗೆ ಸಾಮಾನ್ಯವಾಗಿ ಇದರಲ್ಲೇ ರಬ್ಬರಿನ ಸೂಕ್ಷ್ಮ ಕಣಗಳನ್ನು ಬೆರೆಸಿರುತ್ತಾರೆ. ಆ ಕಣಗಳು ಪೆಟ್ಟನ್ನು ತಾಳುತ್ತವೆ, ಆದರೆ ಬೆಳಕನ್ನು ಚದುರಿಸುತ್ತವೆ. ಆರಪಾರ ಕಾಣಬೇಕಾದ ಭಾಗಕ್ಕೆ ರಬ್ಬರ್ ಬೆರೆಸುವಂತಿಲ್ಲ. ಹಾಗಾಗಿ ಅದು ಬಾಗುವುದಿಲ್ಲ, ಚಟ್ಟನೆ ಸೀಳುತ್ತೆ. ಚೌಕಟ್ಟಿನಿಂದ ಬಿಡಿಸುವಾಗ ತಿರುಚಿ ಮುರಿಯಬಾರದೆಂಬ ನಿಯಮದ ಮೂಲ ಇದು. ಭಾಗದಿಂದ ಸ್ವಲ್ಪ ದೂರದಲ್ಲೇ ಸಣ್ಣ ಗರಗಸದಿಂದ ಕೊಯ್ದು, ಉಳಿದ ಮೊಳಕೆಯನ್ನು ಆಮೇಲೆ ನೀರು ಹಚ್ಚಿದ ನುಣುಪು ಕಾಗದದಿಂದ ಮೆಲ್ಲಗೆ ತೇಯಬೇಕು. ಗೀರು ಬಿದ್ದಿದ್ದರೆ ಇನ್ನೂ ನುಣುಪು ಕಾಗದ, ಕೊನೆಗೆ ಹಲ್ಲುಜ್ಜುವ ಬಿಳಿ ಪೇಸ್ಟು. ತಾಳ್ಮೆ ಇದ್ದರೆ ಹೊಳಪು ಮರಳಿ ಬರುತ್ತೆ.

ಇನ್ನು ಅಂಟು. ಹೆಚ್ಚಿನ ಗಾಜುಗಳು ಹಾಳಾಗುವುದು ಇಲ್ಲೇ. ಪ್ಲಾಸ್ಟಿಕ್ ಅಂಟು ನಿಜವಾಗಿ ಅಂಟೇ ಅಲ್ಲ, ಕರಗಿಸುವ ದ್ರವ. ಎರಡು ಅಂಚನ್ನು ಕರಗಿಸಿ ಬೆಸೆಯುತ್ತೆ. ಒಂದು ಹನಿ ಗಾಜಿನ ಮೇಲೆ ಹರಿದರೆ ಅಲ್ಲಿ ಜೇಡರಬಲೆ ಎದ್ದಂತೆಯೇ. ಹಾಗಂತ ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ಜಾತಿಯ ಅಂಟು ಹಚ್ಚಿದಿರೋ, ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಬಿಳಿ ಮಂಜಾಗಿ ಕೂರುತ್ತೆ, ಅದರಲ್ಲೂ ಬೆರಳು ಮುಟ್ಟಿದ ಕಡೆ. ಪೊಲೀಸರು ಬೆರಳಚ್ಚು ಎತ್ತಲು ಇದೇ ಆವಿಯನ್ನು ಬಳಸುತ್ತಾರೆ. ಮುಚ್ಚಿದ ಕ್ಯಾಬಿನ್ನಿನ ಒಳಗೆ ನಿಮ್ಮದೇ ಬೆರಳಚ್ಚು ಮೂಡಿ ನಿಂತರೆ ಒರೆಸಲು ಯಾವ ದಾರಿಯೂ ಇರುವುದಿಲ್ಲ.

ಗಾಜಿಗೆ ತಕ್ಕದ್ದು ಬಡಗಿಗಳ ಬಿಳಿ ಅಂಟು, ಫೆವಿಕಾಲ್ ಥರದ್ದು. ಹಿಡಿತ ಕಡಿಮೆ, ನಿಜ. ಆದರೆ ಈ ಗಾಜಿನ ಮೇಲೆ ಯಾವ ಭಾರ ಬೀಳಬೇಕಾಗಿದೆ? ತೆಳುವಾಗಿ ಹಚ್ಚಿದರೆ ಒಣಗಿ ತಿಳಿಯಾಗುತ್ತೆ. ಒಣಗುವ ಮೊದಲು ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಎರಡು-ಮೂರು ಮಿಲಿಮೀಟರಿನ ಕಿಂಡಿಯಾದರೆ ಗಾಜೇ ಬೇಡ, ಕಡ್ಡಿಯಲ್ಲಿ ಈ ಅಂಟನ್ನು ಅಡ್ಡಲಾಗಿ ಎಳೆದರೆ ಪೊರೆ ಕಟ್ಟಿಕೊಂಡು ಅದೇ ಕಿಟಕಿಯಾಗುತ್ತೆ.

ಚಿಮಟದಿಂದ ಒತ್ತಿ ಹಿಡಿದ ಗಾಜು ಟಣ್ಣನೆ ಹಾರುವುದುಂಟು. ಅದು ನೆಲಕ್ಕೆ ಬಿದ್ದರೆ ನೆಲದ ಬಣ್ಣವೇ ಅದರ ಬಣ್ಣ. ಅದಕ್ಕೇ ಅಂಚಿರುವ ತಟ್ಟೆಯಲ್ಲಿ ಕಪ್ಪು ಬಟ್ಟೆ ಹಾಸಿ ಕೆಲಸ ಮಾಡಬೇಕು, ಚಿಮಟದ ಬದಲು ಕಡ್ಡಿ ತುದಿಗೆ ಚೂರು ಮೇಣ ಮೆತ್ತಿ ಎತ್ತಬೇಕು. ಅಷ್ಟಾದರೂ ಹಾರಿದರೆ, ದೀಪ ಆರಿಸಿ ಟಾರ್ಚನ್ನು ನೆಲದ ಮೇಲೆ ಅಡ್ಡ ಮಲಗಿಸಿ ಹುಡುಕಿ. ಗಾಜಿನ ಮೈ ಕಾಣದಿದ್ದರೂ ಅಂಚು ಮಿನುಗುತ್ತೆ, ಹಿಂದೆ ನೆರಳೂ ಬೀಳುತ್ತೆ.

ಒಂದು ಲೆಕ್ಕ. ಪೆಟ್ಟಿಗೆಯಲ್ಲಿ ಬರುವ ಗಾಜು 1 ಮಿಲಿಮೀಟರ್ ದಪ್ಪವಿದ್ದರೆ ನಿಜ ಅಳತೆಯಲ್ಲಿ ಅದು 72 ಮಿಲಿಮೀಟರ್, ಕೋಟೆಗೋಡೆಯ ಪಾಡು. ನಿಜವಾದದ್ದು ಕೆಲವೇ ಮಿಲಿಮೀಟರ್. ಪಕ್ಕದ ಕಿಟಕಿಗಳು ಹೆಚ್ಚು ಬಾಗಿಲ್ಲವಾದ್ದರಿಂದ ಅಂಗಿಯ ಡಬ್ಬದ ತೆಳು ಮುಚ್ಚಳದಿಂದ ಕತ್ತರಿಸಿದರೆ ಕಣ್ಣಿಗೆ ಹಿತ. ಮುಂದಿನದನ್ನು ಮಾತ್ರ ಕೊಟ್ಟಿದ್ದರಲ್ಲೇ ನಿಭಾಯಿಸಬೇಕು.

ನಿಜವಾದ ವಿಮಾನದ ಗಾಜೂ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಅದಕ್ಕೂ ಪೆಟ್ರೋಲ್, ಆಲ್ಕೊಹಾಲ್, ಅಸಿಟೋನ್ ವರ್ಜ್ಯ. ತಾಗಿದರೆ ಕೂದಲೆಳೆಯ ಬಿರುಕು ಹಬ್ಬುತ್ತೆ. ಒಣ ಬಟ್ಟೆಯಿಂದ ಧೂಳು ಒರೆಸುವಂತಿಲ್ಲ. ಮೊದಲು ಧಾರಾಳ ನೀರು, ಬರಿಗೈಯಿಂದ ಕಣಗಳನ್ನು ತಡವಿ ಬಿಡಿಸುವುದು, ಆಮೇಲೆ ಸೋಪು ನೀರು, ಮೆತ್ತನೆ ಬಟ್ಟೆ, ಕೈ ಮೇಲೆ-ಕೆಳಗೆ ಮಾತ್ರ. ದುಂಡಗೆ ಉಜ್ಜಿದರೆ ಬೀಳುವ ಗೀರುಗಳು ಸೂರ್ಯನ ಸುತ್ತ ಬೆಳಕಿನ ಬಳೆ ಕಟ್ಟುತ್ತವೆ. ಬಾರಾಮತಿಯ ಓಡುದಾರಿ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಸಂಜೆ ಪಶ್ಚಿಮಕ್ಕೆ ಮುಖಮಾಡಿ ಇಳಿಯುವ ವಿದ್ಯಾರ್ಥಿಯ ಕಣ್ಣೆದುರು ಸೂರ್ಯ, ಒಣಸೀಮೆಯ ಧೂಳು, ನಡುವೆ ಆ ಒಂದು ಹಾಳೆ. ಬೆಳಿಗ್ಗೆ ಯಾರೋ ಅವಸರದಲ್ಲಿ ಒರೆಸಿದ್ದಕ್ಕೆ ಸಂಜೆ ಓಡುದಾರಿಯ ಅಂಚು ಕಾಣದೆ ಹೋಗಬಹುದು.

ಮೇಜಿನ ವಿಮಾನಕ್ಕೆ ಬಂದರೆ, ಕ್ರಮ ಹೀಗಿರಲಿ. ಗಾಜನ್ನು ಎಲ್ಲಕ್ಕಿಂತ ಮೊದಲು ಅಂಟಿಲ್ಲದೆ ಕೂಡಿಸಿ ನೋಡಿ, ಸರಿಮಾಡಿ, ತೆಗೆದು ಪೊಟ್ಟಣದಲ್ಲಿ ಬೇರೆ ಇಡಿ. ಒಳಗಿನ ಆಸನ, ಬಣ್ಣ ಎಲ್ಲ ಮುಗಿದು, ಧೂಳು ಊದಿಸಿದ ಮೇಲಷ್ಟೇ ಅದನ್ನು ಕೂರಿಸುವುದು. ರೆಕ್ಕೆ ಅದರ ಮೇಲೇ ಕೂರುವುದರಿಂದ, ಬಿಳಿ ಅಂಟಿಗೆ ಒಂದು ರಾತ್ರಿ ಬಿಡಿ. ಹೊರಗಿನ ಬಣ್ಣ ಹಚ್ಚುವ ಮುನ್ನ ಗಾಜಿಗೆ ಕಾಗದದ ಟೇಪು ಹಚ್ಚಿ, ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ. ಟೇಪನ್ನು ಕೀಳುವಾಗ ಮೇಲಕ್ಕೆ ಜಗ್ಗಬೇಡಿ. ಅದರ ಮೇಲೇ ಹಿಂದಕ್ಕೆ ಮಡಿಸಿಕೊಂಡು, ಮೆಲ್ಲಗೆ ಎಳೆಯಿರಿ.