ಪದವಿ ತರಗತಿಯಲ್ಲೂ ವಿಜ್ಞಾನವೇಕೆ?

ಹತ್ತನೆಯ ತರಗತಿ ಮುಗಿಸಿ ಕಲಾ ಅಥವಾ ವಾಣಿಜ್ಯ ವಿಭಾಗಕ್ಕೆ ಸೇರುವ ವಿದ್ಯಾರ್ಥಿಗಳು ಇನ್ನು ವಿಜ್ಞಾನದ ಗೊಡವೆ ತಮಗಿಲ್ಲವೆಂದು ಭಾವಿಸುವುದನ್ನು ನಾವು ಕಾಣುತ್ತೇವೆ. ಅದು ಸರಿಯಲ್ಲ. ಪರಿಸರದ ವಿಷಯವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿತು. ಅನಂತರ ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪರಿಸರ ಅಧ್ಯಯನದ ಪಠ್ಯಕ್ರಮವನ್ನು ರೂಪಿಸಿತು. ಸೇಲಂನಲ್ಲಿ 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ. ಓದುವವರಿಗೂ ಈ ಪಾಠವುಂಟು.

ಇದರಿಂದ ಪ್ರಯೋಜನವೇನು? ನಾವು ಕುಡಿಯುವ ನೀರನ್ನೇ ನೋಡೋಣ. ಧರ್ಮಪುರಿ ಜಿಲ್ಲೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಬಂಡೆಗಳಲ್ಲಿನ ಖನಿಜ ಕರಗಿ ಅದು ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡಬಹುದು. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳಿಗೂ ಕೇಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಈ ಕಾರಣಕ್ಕಾಗಿಯೇ ಹೊಗೇನಕಲ್‌ನಿಂದ ಕಾವೇರಿ ನೀರು ಒದಗಿಸುವ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು.

ಬಿ.ಎ. ಓದಿದವರು ನಾಳೆ ಪಂಚಾಯತಿ ಅಧ್ಯಕ್ಷರಾಗಬಹುದು, ಬಿ.ಕಾಂ. ಓದಿದವರು ಅಲ್ಲಿಯ ಲೆಕ್ಕಪತ್ರ ನೋಡಬಹುದು. ಊರಿನ ನೀರಿನ ಪರೀಕ್ಷಾ ವರದಿ ಕೈಗೆ ಬಂದಾಗ ಅದನ್ನು ಓದಿ ತಿಳಿಯುವ ಶಕ್ತಿ ಅವರಿಗೆ ಬೇಡವೇ?

ವಿದ್ಯಾರ್ಥಿಗಳೇ, ಅಂತರ್ಜಲ, ಖನಿಜ, ಸಾಂದ್ರತೆ ಎಂಬ ಪದಗಳ ಅರ್ಥವನ್ನು ಈಗಲೇ ಕನ್ನಡದಲ್ಲಿ ಚೆನ್ನಾಗಿ ಮನನ ಮಾಡಿಕೊಳ್ಳಿ. ಆಗ ಕಾಲೇಜಿನ ಇಂಗ್ಲಿಷ್ ಪಾಠವೂ ಹೊರೆಯೆನಿಸದು. ಪೋಷಕರು ತಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿ, ಬಂದ ವರದಿಯನ್ನು ಮಕ್ಕಳಿಂದಲೇ ಓದಿಸಿ ಕೇಳಲಿ.